ಸೀಟಿಯಿಲ್ಲದ ಕುಕ್ಕರು

ಹಟ್ಟಿಯ ಗಣಿ ಕ್ವಾರ್ಟರ್ಸಿನಲ್ಲಿ ಓವನ್ನಿಲ್ಲ.
ಕುಕ್ಕರಿನ ತಳಕ್ಕೆ ಹರಳುಪ್ಪು ಸುರಿದು
ಸೀಟಿ ಕಿತ್ತಿಟ್ಟಿದ್ದೇನೆ;
ಹೊತ್ತು ಹೇಳಲು ಪಾಳಿಯ ಸೈರನ್ನಿದೆ.

ಮೊದಲ ಕಪ್‌ಕೇಕು ಬಿರಿದು ಪುಡಿಯಾಯಿತು,
ಎರಡನೆಯದು ಸ್ಟೀಲಿನ ಬಟ್ಟಲು ಬಿಡಲೊಲ್ಲದು.
ಅತ್ತೆ ಬಾಗಿಲಲ್ಲೇ ನಿಂತು,
"ಜ್ವಾಳಕ್ಕ ಜಿಗಿ ತಾನಾಗೇ ಬರ್ತದೇನು?
ಎಸರು ಹಾಕವ್ವ, ರೊಟ್ಟಿಗೆ ಹಾಕಿದಂಗ" ಅಂದರು.

ಎಸರು ಹಾಕಿದೆ.
ಬೆಲ್ಲ, ಗಟ್ಟಿ ಮೊಸರು, ಚಿಟಿಕೆ ಸೋಡಾ.
ಮೊಟ್ಟೆಯ ಮಾತೇ ಇಲ್ಲ,
ಅತ್ತೆಯ ಕೊರಳಲ್ಲಿ ಲಿಂಗವಿದೆ.

ಪಕ್ಕದ ಮನೆ ನಗ್ಮಾಗೆ ಗೋಧಿ ಆಗದು.
ಎಲ್ಲರ ಹುಟ್ಟುಹಬ್ಬದಲ್ಲೂ ಚುರುಮುರಿ ತಿಂದು
ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ ಹುಡುಗಿ
ಇವತ್ತು ತನ್ನ ಹುಟ್ಟುಹಬ್ಬಕ್ಕೆ
ಬಟ್ಟಲ ತಳ ಕೆರೆಯುತ್ತಿದ್ದಾಳೆ,
ನಾವು ತಟ್ಟಿದ್ದನ್ನೂ ಕೇಳಿಸಿಕೊಳ್ಳದೆ.

ಅತ್ತೆ ಒಂದನ್ನು ಮುರಿದು, ಮೂಸಿ,
ಶೇಂಗಾ ಹಿಂಡಿ ತರಲು ಒಳಗೆ ಹೋದರು.