ಮೂಲೆ ಯಾರದು

ಲಿಂಗರಾಜಪುರದ ಮೇಲ್ಸೇತುವೆ ಇಳಿದ ಕೂಡಲೇ ಎಡಕ್ಕೆ
ನನ್ನ ಬೇಕರಿ. ನಾಲ್ಕೂವರೆಗೆ ಮೂವರು ಬರುತ್ತಾರೆ,
ಬೆವರಿದ ಮುಷ್ಟಿ ಬಿಚ್ಚಿ ಗಾಜಿನ ಮೇಲೆ ಸುರಿಯುತ್ತಾರೆ:
ಹನ್ನೆರಡು, ಹದಿನೈದು, ಎಂಟು.
ಒಂದು ಕಾಲು ದಿಲ್‌ಪಸಂದ್.
ಕಾಸು ಸಮ ಇಲ್ಲ, ಹಸಿವು ಸಮ.

"ಅಂಕಲ್, ನೀವು ಕತ್ತರಿಸಬೇಡಿ, ಚಾಕು ಕೊಡಿ"
ಅನ್ನುತ್ತಾಳೆ ಫರ್ಹೀನ್. ಅವರದೊಂದು ಕಾನೂನಿದೆ.
ಜೋಯಲ್ ತನ್ನ ಕಣ್ಣಳತೆಯ ಮೂರರಲ್ಲೊಂದು ಕೊಯ್ಯುತ್ತಾನೆ.
ಹೆಚ್ಚಾಯಿತು ಅನಿಸಿದರೆ ಲಾಸ್ಯ ಅಂಚು ಸವರಿ
ಉಳಿದದ್ದಕ್ಕೆ ಸೇರಿಸುತ್ತಾಳೆ. ಆಮೇಲೆ ಫರ್ಹೀನ್.
ಕೊನೆಗೆ ಯಾರು ಸವರಿದರೋ ಆ ತುಂಡು ಅವರಿಗೇ.
ಚಿಕ್ಕದು ಮಾಡಿದವರೇ ಚಿಕ್ಕದನ್ನು ತಿನ್ನಬೇಕು!
ಇಷ್ಟು ಗಟ್ಟಿ ಕಾನೂನು
ನಮ್ಮ ವಾರ್ಡ್ ಆಫೀಸಿನಲ್ಲಿ ನಾನು ಕಂಡಿಲ್ಲ.

ಒಂದು ದಿನ ಮಾತ್ರ ಯಾರೂ ಸವರಲಿಲ್ಲ.
ಜೋಯಲ್‌ಗೆ ಸುಟ್ಟ ಅಂಚು ಬೇಕಂತೆ,
ಫರ್ಹೀನ್‌ಗೆ ಕೆಂಪು ಟೂಟಿಫ್ರೂಟಿ, ಹೆಕ್ಕಿ ಹೆಕ್ಕಿ,
ಲಾಸ್ಯಳಿಗೆ ಬರಿಯ ಕೊಬ್ಬರಿ.
ಅವತ್ತು ಮೂವರಿಗೂ ಅವರವರ ನಾಲಿಗೆಯ ತಕ್ಕಡಿಯಲ್ಲಿ
ಮೂರನೇ ಒಂದಕ್ಕಿಂತ ಹೆಚ್ಚೇ ತೂಗಿತು.
ದಿಲ್‌ಪಸಂದ್ ಅಷ್ಟೇ ಇತ್ತು.
ನಾನೇ ನಾದಿದ ಹಿಟ್ಟು, ನನಗೇ ಗೊತ್ತಿರಲಿಲ್ಲ.

ಕ್ಯೂಬಿನ ತಕರಾರು ಶುರುವಾದದ್ದು ಆಮೇಲೆ.
ಶಿವಾಜಿನಗರದ ಫುಟ್‌ಪಾತಿನಲ್ಲಿ ಕೂಡಿ ಕೊಂಡದ್ದು,
ಆರು ಬಣ್ಣ, ಮೂವರು. ತಲೆಗೆ ಎರಡು.
ಎದುರುಬದುರಿನ ಜೋಡಿ ಒಬ್ಬೊಬ್ಬರಿಗೆ:
ಬಿಳಿ ಹಳದಿ ಅವಳಿಗೆ, ಕೆಂಪು ಕಿತ್ತಳೆ ಇವನಿಗೆ,
ನೀಲಿ ಹಸಿರು ಇವಳಿಗೆ.
ಸ್ಕ್ರೂಡ್ರೈವರ್ ನನ್ನ ಗಲ್ಲಾದಿಂದಲೇ ಹೋಯಿತು.

ನಡುವಿನ ಆರು ಬಿಲ್ಲೆ ಸಲೀಸಾಗಿ ಹಂಚಿದವು.
ಅಂಚಿನ ಹನ್ನೆರಡು ತುಂಡಿಗೆ ತಲಾ ಇಬ್ಬರು ಒಡೆಯರು,
ಯಾವ ಇಬ್ಬರನ್ನು ಹಿಡಿದರೂ ನಡುವೆ ನಾಲ್ಕು.
ಮೂಲೆಗೆ ಬಂದಾಗ ಜೋಯಲ್‌ನ ಕೈ ನಿಂತಿತು.
ಎಂಟು ಮೂಲೆ, ಎಂಟರಲ್ಲೂ ಮೂವರ ಬಣ್ಣ,
ಒಂದೂ ತಪ್ಪದೆ.
"ಇದನ್ನು ಕೊಯ್ದರೆ ಬರೀ ಪ್ಲಾಸ್ಟಿಕ್ಕು" ಅಂದಳು ಲಾಸ್ಯ.
ಮತ್ತೆ ಜೋಡಿಸಿದರು, ಹೇಗೋ, ಟ್ಯೂಷನ್ನಿಗೆ ಹೊತ್ತಾಗಿತ್ತು.

ಮರುದಿನ ಲಾಸ್ಯ ತಿರುವಿದಳು, ತಿರುವಿದಳು.
ಎರಡು ನಿಮಿಷದ ಕೆಲಸ, ಟೀ ಆರುವಷ್ಟು ಹೊತ್ತಾಯಿತು.
ಎಲ್ಲ ಕೂಡಿದರೂ ಒಂದೇ ಒಂದು ಮೂಲೆ
ಮುನಿಸಿಕೊಂಡ ಅತ್ತಿಗೆಯ ಹಾಗೆ ಕತ್ತು ತಿರುಗಿಸಿ ನಿಂತಿದೆ.
ಬಿಚ್ಚಿ ಕಣ್ಣುಮುಚ್ಚಿ ಜೋಡಿಸಿದರೆ
ಹನ್ನೆರಡರಲ್ಲಿ ಹನ್ನೊಂದು ಸಲ ಹೀಗೇ ಅಂತೆ.
ಒಂಟಿ ಮೂಲೆ ತನ್ನಷ್ಟಕ್ಕೆ ತಾನು ತಿರುಗಲಾರದು,
ಇನ್ನೊಂದು ಎಲ್ಲೋ ಎದುರು ತಿರುಗಿ ಲೆಕ್ಕ ತೀರಿಸಬೇಕು.
ಎಷ್ಟು ತಿರುವಿದರೂ, ಎಷ್ಟು ವರ್ಷ ತಿರುವಿದರೂ.

ನನಗೆ ನಂಜುಂಡ ನೆನಪಾದ.

ಬೇಕರಿ ಪಾಲಾದಾಗ ಕೊಯ್ದವನು ನಾನು,
ಆರಿಸಿದವನು ತಮ್ಮ. ಒಲೆಯ ಕಡೆ, ರಸ್ತೆಯ ಕಡೆ.
ಅರಕಲಗೂಡಿನ ಹಿರಿಯರು ನ್ಯಾಯ ಅಂದರು, ನ್ಯಾಯವೇ.
ಕೊಯ್ದವನಿಗೆ ಸರಿಯಾಗಿ ಅರ್ಧ,
ಆರಿಸಿದವನಿಗೆ ಅರ್ಧವೋ, ಚೂರು ಹೆಚ್ಚೋ.
ಅವನು ಒಲೆ ಅಂದ. ನಡುವೆ ಇಟ್ಟಿಗೆ ಎದ್ದಿತು.
ಹನ್ನೊಂದು ವರ್ಷ, ಎದುರಾದರೆ ಹೆಲ್ಮೆಟ್ಟೇ ಆಡುವ ಮಾತು.

"ಇತ್ತ ಕೊಡಿ" ಅಂದೆ. ಬೆಣ್ಣೆ ಸವರುವ ಚಾಕು
ಸಂದಿಗೆ ತೂರಿಸಿ ಮೂಲೆಯನ್ನು ಒತ್ತಿ ತಿರುಗಿಸಿದೆ.
ಟಕ್.
"ಇದು ಮೋಸ" ಅಂದ ಜೋಯಲ್.
"ಜೋಡಿಸಿದ್ದೇ ಮೋಸ" ಅಂದಳು ಫರ್ಹೀನ್.
ಲಾಸ್ಯ ಮಾತಾಡಲಿಲ್ಲ, ಆರು ಮುಖ ಎಣಿಸಿ ನೋಡಿದಳು.

ಬೆಳಗಿನ ಜಾವ ನಾಲ್ಕಕ್ಕೆ ಷಟರ್ ಎತ್ತುತ್ತೇನೆ.
ಆ ಕಡೆ ಅವನು ಒಲೆ ಹೊತ್ತಿಸಿರುತ್ತಾನೆ.
ಜನವರಿಯ ಚಳಿಗೆ ಬೆನ್ನು ಗೋಡೆಗೆ ಆನಿಸಿ ಕೂತರೆ
ಇಟ್ಟಿಗೆ ಬೆಚ್ಚಗಾಗುತ್ತದೆ, ಮೆಲ್ಲಗೆ, ಐದರ ಹೊತ್ತಿಗೆ.
ಪಾಲುಪತ್ರದಲ್ಲಿ ಇದನ್ನು ಯಾರೂ ಬರೆದಿರಲಿಲ್ಲ.