ಸೌಟು

ಆಟದಲ್ಲಿ ಎಲ್ಲರ ಕೈಯಲ್ಲೂ ಕತ್ತಿ.
ಒಟಾಕರನಿಗೆ ಮಾತ್ರ ಸೌಟು ಬೇಕಂತೆ,
ರಾಕ್ಷಸರ ತಲೆಗೆ ಬಡಿಯಲು.
ತಮ್ಮ ಕೇಳಿದ, ಮಾಡಿದೆ.

ಆಕಾರ ಒಂದು ಸಂಜೆಯ ಕೆಲಸ.
ಹೊಳಪು ಮೂರು ವಾರ ತಿಂದಿತು.

ಬಿಳಿ ಬಳಿದಲ್ಲಿ ಮಿರುಗು, ಕಪ್ಪು ಬಳಿದಲ್ಲಿ ಮಂಕು,
ನಡುವೆ ಬೂದುಬಣ್ಣದ ನೂರೆಂಟು ಮೆಟ್ಟಿಲು.
ಅಮ್ಮನ ಹಳೇ ಸೌಟು ಕೀಬೋರ್ಡಿನ ಪಕ್ಕ:
ಹೆಬ್ಬೆರಳು ಒತ್ತಿ ಒತ್ತಿ ನುಣುಪಾದ ಹಿಡಿ,
ಪಾತ್ರೆಯ ತಳ ಕೆರೆದು ಒರಟಾದ ಅಂಚು,
ಕುತ್ತಿಗೆಯ ಸಂದಿನಲ್ಲಿ ಯಾವ ಕಾಲದ್ದೋ ಸೂಪಿನ ಕಲೆ.
ಎಲ್ಲ ಬಳಿದೆ. ಕಲೆಯನ್ನೂ.

"ಹೊಳೀತಿದೆ ಅಕ್ಕಾ, ಆದ್ರೆ ಸುಳ್ಳು" ಅಂದ.
ನಿಜ. ಗಣಿಯ ಕತ್ತಲಲ್ಲಿ ಹಿಡಿದ ಸೌಟಿನೊಳಗೆ
ನೀಲಿ ಆಕಾಶ, ಎರಡು ತೆಂಗಿನ ಮರ!
ಆಟ ಕಟ್ಟಿದವರು ಲೋಹಕ್ಕೆಲ್ಲ ಹಂಚಿದ
ಒಂದೇ ಪ್ರತಿಬಿಂಬ.

ಓಸ್ತ್ರಾವಾದ ಈ ಅಡುಗೆಮನೆಯನ್ನೇ
ಆರು ಫೋಟೋ ತೆಗೆದೆ: ನಾಲ್ಕು ಗೋಡೆ, ಛಾವಣಿ, ನೆಲ.
ಪ್ರತಿ ಸಲ ಗುಂಡಿ ಒತ್ತಿ ಮೇಜಿನಡಿ ನುಸುಳಿದೆ.
ಕೊನೆಯದರಲ್ಲಿ ಮೊಣಕೈ ಸಿಕ್ಕಿಬಿತ್ತು.
ಅಳಿಸಲಿಲ್ಲ, ನಿದ್ದೆ ಬಂದಿತ್ತು.

ಈಗದು ನಾಲ್ಕು ಸಾವಿರ ಮಂದಿಯ ಕೈಲಿದೆ.
ಎಲ್ಲೋ ಒಬ್ಬ, ಹೆಸರು ಗೊತ್ತಿಲ್ಲ,
ಗುಹೆಯ ಕತ್ತಲಲ್ಲಿ ಬೀಸುವಾಗ
ಸೌಟಿನ ಗುಳಿಯಲ್ಲಿ ತಲೆಕೆಳಗಾಗಿ ತೇಲುತ್ತವೆ
ನಮ್ಮ ಕಿಟಕಿ, ಮಂಜಿಗೆ ಮಸುಕಾದ ಟ್ರಾಮಿನ ದೀಪ,
ಸಾಸಿವೆಯಷ್ಟು ನನ್ನ ಮೊಣಕೈ.
ರಾಕ್ಷಸ ಬೀಳುತ್ತಾನೆ.

ಅಮ್ಮ ಒಳಗಿಂದ ಕೂಗುತ್ತಾಳೆ:
ಸೌಟೆಲ್ಲೇ? ಸೂಪು ಉಕ್ತಿದೆ.