ಎಷ್ಟು ತಡ

ನಿಮ್ಮ ಬೀಳ್ಕೊಡುಗೆಯ ದಿನ, ತಿತಿಮತಿಯ ಸಭೆಯಲ್ಲಿ
ನನ್ನನ್ನೂ ಎರಡು ಮಾತಾಡೆಂದು ಕರೆದರು.
ಮೈಕಿನ ಮುಂದೆ ನಿಂತು, ಕೆಮ್ಮಿ, ಇಳಿದುಬಂದೆ.
ಇಪ್ಪತ್ತಾರು ವರ್ಷ ಸ್ಲೈಡು ತೊಳೆದವಳಿಗೆ
ಗಾಜು ಒರೆಸಲು ಬರುತ್ತದೆ, ಹೊಗಳಲು ಬರುವುದಿಲ್ಲ.

ಅಂದು ಹೇಳದೆ ಉಳಿದದ್ದು ಇದು, ಚೋಂದಮ್ಮ ಡಾಕ್ಟರೆ:

ಹೆರಿಗೆ ಕೋಣೆಯ ಹಳೆಯ ರಿಜಿಸ್ಟರು,
ನೀಲಿ ರಟ್ಟು, ಇಲಿ ಕಡಿದ ಮೂಲೆ.
ಸತ್ತವರ ಹೆಸರಿನೆದುರು ಕಾರಣದ ಕಾಲಂ.
ಅದರಲ್ಲಿ ಮೇಲಿಂದ ಕೆಳಗೆ ಒಂದೇ ವಾಕ್ಯ,
'ತಡವಾಗಿ ಬಂದಳು.'
ಚೋಮಿ, ತಡವಾಗಿ ಬಂದಳು.
ಲೈನ್‌ಮನೆಯ ಮುತ್ತೆ, ತಡವಾಗಿ ಬಂದಳು.
ಹೆಸರೇ ಬರೆಯದ 'ಹಾಡಿಯ ಹೆಂಗಸು',
ಆಕೆಯೂ.

ನೀವು ಬಂದ ಹೊಸತು, ತಲೆಯಲ್ಲೊಂದು ಬಿಳಿಕೂದಲಿಲ್ಲ.
ಪುಟ ಓದಿ ಮುಗಿಸಿ ಕೇಳಿದಿರಿ,
"ಎಷ್ಟು ತಡ?"
ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಶುರುವಾದದ್ದಕ್ಕೆ ಸಂಶೋಧನೆ ಎನ್ನುತ್ತಾರೆಂದು
ನನಗೆ ತಿಳಿದದ್ದು ಎಷ್ಟೋ ವರ್ಷಕ್ಕೆ.
ನಾನು ಕಂಡದ್ದು ಒಂದು ಕೈಗಡಿಯಾರ, ಒಂದು ನೋಟುಬುಕ್ಕು,
ಜಿಗಣೆ ಹತ್ತದಿರಲೆಂದು ಕಾಲ್ಚೀಲಕ್ಕೆ ಸವರಿದ ಹೊಗೆಸೊಪ್ಪು,
ಕೊಲ್ಲಿಹಾಡಿಯಿಂದ ಟಾರು ರಸ್ತೆಗೆ
ನಡೆನಡೆದು ಹೊತ್ತು ಅಳೆಯುವ ನೀವು.

ಹೊಳೆದಾರಿಯಲ್ಲಿ ಆನೆ: ಎಪ್ಪತ್ತು ನಿಮಿಷ.
ರೈಟರು ಎದ್ದು, ಸಾಹುಕಾರರನ್ನು ಕೇಳಿ,
ಜೀಪಿನ ಕೀ ಹುಡುಕಿದ್ದು: ನೂರಹತ್ತು.
ಕಾಡಿನ ಗೇಟು, ಬೀಗ, ಗಾರ್ಡಿನ ನಿದ್ದೆ: ಇಪ್ಪತ್ತೈದು.
ನಮ್ಮದೇ ವರಾಂಡದ ಬೆಂಚು: ನಲವತ್ತು.
(ಅದನ್ನು ಬರೆದಾಗ ಹಿರಿಯ ನರ್ಸು
ನಿಮ್ಮೊಂದಿಗೆ ತಿಂಗಳು ಮಾತಾಡಲಿಲ್ಲ.)
ಮಡಿಕೇರಿಯಿಂದ ರಕ್ತದ ಬಾಟ್ಲಿ: ಬರಲೇ ಇಲ್ಲ.
ಎಲ್ಲ ಕೂಡಿಸಿ ಕೆಳಗೆ ಗೆರೆ ಎಳೆದಿರಿ.
ಅವಳ ಪಾಲಿನ ತಡ
ಸೀರೆ ಉಟ್ಟುಕೊಳ್ಳಲು ಹಿಡಿದ ನಾಲ್ಕು ನಿಮಿಷ.

ದೂರದ ಪತ್ರಿಕೆಯೊಂದು ತಿಳಿಸಿತು,
ನಿಮ್ಮ ಮಾದರಿ ತೀರ ಚಿಕ್ಕದು.
ಹಾಡಿ ಇರುವುದೇ ಅಷ್ಟು, ಎಂದು ಬರೆದಿರಿ.
ಆ ಲಕೋಟೆಗೆ ಅಂಚೆಚೀಟಿ ಅಂಟಿಸಿದ್ದು ನಾನು.
ಅಚ್ಚಾಗಲು ಮೂರು ವರ್ಷ.
ಅದನ್ನು ಮಾತ್ರ ಯಾರೂ ತಡ ಎನ್ನಲಿಲ್ಲ.

ನೀವು ತಪ್ಪಿದ್ದೂ ಉಂಟು; ಹಾರ ಹಾಕುವ ದಿನ
ಅದನ್ನೆಲ್ಲ ಯಾರು ಎತ್ತುತ್ತಾರೆ?
ಹಂಚಿದ ಕಬ್ಬಿಣದ ಮಾತ್ರೆ
ಕಾಫಿ ಗಿಡದ ಬುಡದಲ್ಲಿ ಕೆಂಪಗೆ ಕರಗುವುದು ಕಂಡು
ಬೊಳ್ಚಿಯನ್ನು ಬೈದಿರಿ, ಎಲ್ಲರೆದುರು.
ಅವಳು ತಲೆಯ ಮೂಟೆ ಇಳಿಸದೆಯೇ ಅಂದಳು,
"ಊಟದ ಮೇಲೆ ನುಂಗಬೇಕಂತೆ.
ಮೇಲೆ ಅನ್ನೋಕೆ ಕೆಳಗೆ ಊಟ ಬೇಡವಾ?"

ಆ ರಾತ್ರಿ ಲ್ಯಾಬಿನ ದೀಪ ಆರಲಿಲ್ಲ.
ಮುಂದಿನ ವಾರ ಅವಳನ್ನೇ ಸ್ಟೂಲಿಗೆ ಹತ್ತಿಸಿ
ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿಸಿದಿರಿ, ನಿನ್ನದೇ ರಕ್ತ, ನೋಡು.
ಪುಸ್ತಕ ಅದನ್ನು ಕುಡುಗೋಲು ಎನ್ನುತ್ತದೆ.
ಬೊಳ್ಚಿ ನೋಡಿ, ಮತ್ತೆ ನೋಡಿ, ನಕ್ಕಳು:
"ಕಣಿಲೆ ಹೆಚ್ಚಿ ಹಾಕಿದ ಹಾಗಿದೆ."
ಅಂದಿನಿಂದ ನಮ್ಮಲ್ಲಿ ಅದು ಕಣಿಲೆ ರಕ್ತ.
ಅದಕ್ಕೆ ಬೇರೆ ಚೀಟಿ, ಬೇರೆ ಮಾತ್ರೆ;
ದಿನ ತುಂಬುವ ಮುಂಚೆಯೇ ಬಂದಿರಲು ಒಂದು ಕೋಣೆ,
ಜೊತೆಗೆ ಬಂದವಳಿಗೂ ಅನ್ನ.
ಆ ಅನ್ನದ ಬಿಲ್ಲಿಗಾಗಿ ನೀವು ಹತ್ತಿದ ಮೆಟ್ಟಿಲು
ಯಾವ ಪ್ರಬಂಧದಲ್ಲೂ ಇಲ್ಲ.

ಈಗ ಹೊಸ ರಿಜಿಸ್ಟರು. ನೀವು ಹಾಕಿಸಿದ ಆರು ಕಾಲಂ,
ದಾರಿಗೊಂದು, ಗಾಡಿಗೊಂದು, ನಮಗೊಂದು.
ಹೊಸ ಡಾಕ್ಟರು ಚುರುಕು, ಕೆಟ್ಟವರಲ್ಲ.
ಮೊನ್ನೆ ಒಬ್ಬಳು ಹೋದಳು, ಬಾಣೆಗದ್ದೆಯವಳು.
ಆರೂ ಮನೆಗೆ ಅಡ್ಡಗೆರೆ ಹೊಡೆದು
ಬದಿಯಲ್ಲಿ ಬರೆಯತೊಡಗಿದರು: ತಡವಾಗಿ

ಕೈಯಲ್ಲಿ ಒದ್ದೆ ಸ್ಲೈಡು. ನನ್ನ ದನಿ ನನಗೇ ಹೊಸತು.
"ಎಷ್ಟು ತಡ, ಸಾರ್?"

ತಲೆ ಎತ್ತಿ ನೋಡುತ್ತಿದ್ದಾರೆ.
ನಾನು ಗಾಜು ಒರೆಸುತ್ತ ನಿಂತಿದ್ದೇನೆ.